ಓದುಗರ ಪ್ರಶ್ನೋತ್ತರ: ಮೇಜಿನ ಮೇಲಿನ ದಂಡು

ಹವ್ಯಾಸಗಳ ಪುಟದಲ್ಲಿ ಕಳೆದ ಬಾರಿ ವಾರ್‌ಗೇಮಿಂಗ್ ಕಿರುಗೊಂಬೆಗಳ, ಅಂದರೆ ಮೇಜಿನ ಮೇಲೆ ಯುದ್ಧದ ಆಟ ಆಡಲು ಬಳಸುವ ಪುಟ್ಟ ಸೈನಿಕರ, ವಿಷಯ ಬಂದ ಮೇಲೆ ಈ ಅಂಕಣಕ್ಕೆ ನಿರೀಕ್ಷೆಗಿಂತ ಹೆಚ್ಚು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡು, ಈ ಸಂಚಿಕೆಯನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಬ್ರಿಟನ್ನಿನಲ್ಲಿರುವ ಸೋದರಮಾವ ರಜೆಗೆ ಬಂದಾಗ ಒಂದು ಪೆಟ್ಟಿಗೆ ಪ್ಲಾಸ್ಟಿಕ್ ಸೈನಿಕರನ್ನು ತಂದುಕೊಟ್ಟ ದಿನದಿಂದ ನನ್ನ ಹದಿನೈದು ವರ್ಷದ ಮಗ ಓದು ಮುಗಿದೊಡನೆ ಬ್ರಷ್ ಹಿಡಿದು ಕೂರುತ್ತಾನೆ. ಇದು ಚಿಕ್ಕ ಮಕ್ಕಳ ಆಟವಲ್ಲವೇ? ಯುದ್ಧವನ್ನು ಆಟವಾಗಿ ನೋಡುವುದು ಮನಸ್ಸಿಗೆ ಒಳ್ಳೆಯದೇ? (ಶಿವಮೊಗ್ಗ)

ಉತ್ತರ: ಇದು ಹುಟ್ಟಿದ್ದು ಮಕ್ಕಳ ಕೋಣೆಯಲ್ಲಲ್ಲ, ಸೇನಾಧಿಕಾರಿಗಳ ಮೇಜಿನ ಮೇಲೆ. 1780ರ ಹೊತ್ತಿಗೆ ಜರ್ಮನಿಯ ಬ್ರೌನ್‌ಷ್ವೈಗ್‌ನಲ್ಲಿ ಹೆಲ್ವಿಗ್ ಎಂಬಾತ ಚದುರಂಗದ ಮಣೆಯನ್ನೇ ಸಾವಿರಕ್ಕೂ ಹೆಚ್ಚು ಚೌಕಗಳಿಗೆ ಹಿಗ್ಗಿಸಿ, ಬೆಟ್ಟ, ನದಿ, ಕಾಡುಗಳಿಗೆ ಬೇರೆಬೇರೆ ಬಣ್ಣ ಕೊಟ್ಟು, ಶಿಷ್ಯರಿಗೆ ಯುದ್ಧತಂತ್ರ ಕಲಿಸಲು ಒಂದು ಆಟ ಕಟ್ಟಿದ. ಪದಾತಿ, ಕುದುರೆ, ಆನೆ, ರಥಗಳ ಚತುರಂಗ ಬಲ ನಮ್ಮ ನೆಲದಿಂದಲೇ ಅಷ್ಟು ದೂರ ನಡೆದು ಹೋಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಆಮೇಲೆ ಪ್ರಷ್ಯಾದ ಫಾನ್ ರೈಸ್‌ವಿಟ್ಸ್ 1812ರಲ್ಲಿ ಚೌಕಗಳನ್ನೇ ಕಿತ್ತುಹಾಕಿ ನೆಲದ ಏರುತಗ್ಗುಗಳನ್ನು ತೋರಿಸುವ ಮೇಜೊಂದನ್ನು ಅರಸನಿಗೆ ಒಪ್ಪಿಸಿದ. ಅವನ ಮಗ 1824ರಲ್ಲಿ ಅದನ್ನು 1:8000 ಅಳತೆಯ ನಕ್ಷೆ, ದಾಳ, ತೀರ್ಪುಗಾರ ಎಲ್ಲ ಇರುವ ಪೂರ್ಣ ನಿಯಮಾವಳಿಯಾಗಿ ಅಚ್ಚು ಹಾಕಿಸಿದ. ಪ್ರಷ್ಯಾದ ಸೇನೆ ಅದನ್ನು ತರಬೇತಿಗೆ ಬಳಸಿತು, ಮತ್ತು 1870–71ರಲ್ಲಿ ಅದು ಫ್ರಾನ್ಸನ್ನು ಸೋಲಿಸಿದ ಮೇಲೆ ಉಳಿದ ದೇಶಗಳೂ ಆ ಆಟದತ್ತ ಕಣ್ಣು ಹೊರಳಿಸಿದವು.

ಆಟಿಕೆಯ ಸೈನಿಕರು ಇದಕ್ಕೆ ಸೇರಿಕೊಂಡದ್ದು ಇಂಗ್ಲೆಂಡಿನಲ್ಲಿ. 1893ರಲ್ಲಿ ವಿಲಿಯಂ ಬ್ರಿಟನ್ ಎಂಬ ಆಟಿಕೆ ತಯಾರಕರ ಮನೆತನ ಸೀಸದ ಸೈನಿಕರನ್ನು ಒಳಗೆ ಟೊಳ್ಳಾಗಿ ಎರಕ ಹೊಯ್ಯುವ ವಿಧಾನವನ್ನು ಕಂಡುಕೊಂಡಿತು. ಲೋಹ ಕಡಿಮೆ ಹಿಡಿದದ್ದರಿಂದ ಬೆಲೆ ಇಳಿದು, ಮಧ್ಯಮ ವರ್ಗದ ಮನೆಗಳಲ್ಲಿಯೂ ಪೂರ್ತಿ ಪಲ್ಟಣಗಳು ಬಂದು ನಿಂತವು. ಆ ಸೈನಿಕರನ್ನೂ ಮರದ ಚೂರನ್ನು ಹಾರಿಸುವ ಸ್ಪ್ರಿಂಗ್ ಫಿರಂಗಿಯನ್ನೂ ನೆಲದ ಮೇಲೆ ಹರಡಿಕೊಂಡು ಕಾದಂಬರಿಕಾರ ಎಚ್. ಜಿ. ವೆಲ್ಸ್ ಗೆಳೆಯರೊಂದಿಗೆ ಆಡಿದ ಆಟದ ನಿಯಮಗಳು 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕವಾದವು. ಆಟ ಯಾವ ವಯಸ್ಸಿನವರಿಗೆ ಎಂಬ ನಿಮ್ಮ ಪ್ರಶ್ನೆಗೆ ಆ ಪುಸ್ತಕದ ಮುಖಪುಟವೇ ಉತ್ತರ ಕೊಟ್ಟಿದೆ: ಹನ್ನೆರಡರಿಂದ ನೂರೈವತ್ತು ವರ್ಷದವರೆಗಿನ ಹುಡುಗರಿಗೆ ಎಂದು ಅದರ ಮೇಲೆ ಬರೆದಿದೆ. ಎರಡನೆಯ ಪ್ರಶ್ನೆಯನ್ನೂ ವೆಲ್ಸ್ ಬಿಟ್ಟಿಲ್ಲ. ಈ ಆಟವನ್ನು ಮೂರು ನಾಲ್ಕು ಸಲ ಆಡಿ ನೋಡಿದವನಿಗೆ, ನಿಜವಾದ ಮಹಾಯುದ್ಧ ಎಂಥ ಮುಗ್ಗರಿಸುವ ಅವಿವೇಕವೆಂಬುದು ಅರಿವಾಗುತ್ತದೆ ಎಂಬರ್ಥದ ಮಾತುಗಳೊಂದಿಗೆ ಅವರು ಪುಸ್ತಕ ಮುಗಿಸಿದ್ದಾರೆ. ಮರುವರ್ಷವೇ ಮಹಾಯುದ್ಧ ಶುರುವಾಯಿತೆಂಬುದು ಬೇರೆ ಮಾತು. ನಿಮ್ಮ ಮಗನ ಬಗ್ಗೆ ಹೇಳುವುದಾದರೆ, ಒಂದು ಇಂಚಿನ ಗೊಂಬೆಯ ಅಂಗಿಯ ಗುಂಡಿಗೆ ಬಣ್ಣ ಹಚ್ಚಲು ಒಂದು ಸಂಜೆ ಕೊಡುವ ಹುಡುಗ ಯುದ್ಧಕ್ಕಿಂತ ಹೆಚ್ಚಾಗಿ ತಾಳ್ಮೆಯನ್ನು ಕಲಿಯುತ್ತಿದ್ದಾನೆ. ಕೋಣೆಗೆ ಒಳ್ಳೆಯ ದೀಪ ಹಾಕಿಸಿಕೊಡಿ, ಕಣ್ಣು ಉಳಿಯುತ್ತದೆ.

ಪ್ರಶ್ನೆ: 28 ಮಿಲಿಮೀಟರ್, 15 ಮಿಲಿಮೀಟರ್, 1:72, 1:35 ಎಂದು ಪೆಟ್ಟಿಗೆಗಳ ಮೇಲೆ ಬರೆದಿರುವುದರ ಅರ್ಥವೇನು? ನಾನು ತರಿಸಿದ ಟ್ಯಾಂಕಿನ ಪಕ್ಕದಲ್ಲಿ ನನ್ನ ಸೈನಿಕರು ಚಿಕ್ಕ ಮಕ್ಕಳಂತೆ ಕಾಣುತ್ತಾರೆ. (ಧಾರವಾಡ)

ಉತ್ತರ: ಎರಡು ಬೇರೆ ಲೆಕ್ಕಗಳು ಒಂದೇ ಅಂಗಡಿಯಲ್ಲಿ ಕಲೆತಿರುವುದೇ ನಿಮ್ಮ ತೊಂದರೆಗೆ ಕಾರಣ. ಮಾಡೆಲ್ ಕಿಟ್ ಮಾಡುವವರು ಅನುಪಾತ ಹೇಳುತ್ತಾರೆ, ಕಿರುಗೊಂಬೆ ಎರಕ ಹೊಯ್ಯುವವರು ಎತ್ತರ ಹೇಳುತ್ತಾರೆ. 1:72 ಎಂದರೆ ಆರಡಿಗೆ ಒಂದಿಂಚು. ಬ್ರಿಟನ್ನಿನಲ್ಲಿ 1936ರಲ್ಲಿ ಬಂದ ಫ್ರಾಗ್ ಪೆಂಗ್ವಿನ್ ಎಂಬ ಪ್ಲಾಸ್ಟಿಕ್ ವಿಮಾನದ ಕಿಟ್‌ಗಳಿಂದ ಆ ಅಳತೆ ನೆಲೆಯೂರಿತು, ಮುಂದೆ ಏರ್‌ಫಿಕ್ಸ್ ಎಂಬ ಕಿಟ್ ಕಂಪನಿಯೂ ಅದನ್ನೇ ಹಿಡಿಯಿತು. 1:35ರ ಕಥೆ ಇನ್ನೂ ಸ್ವಾರಸ್ಯದ್ದು. ಜಪಾನಿನ ತಮಿಯಾ ಕಂಪನಿ ಅರುವತ್ತರ ದಶಕದ ಆರಂಭದಲ್ಲಿ ಜರ್ಮನ್ ಪ್ಯಾಂಥರ್ ಟ್ಯಾಂಕನ್ನು ಮಾಡಿದಾಗ ಅದರ ಹೊಟ್ಟೆಯೊಳಗೆ ಮೋಟಾರು, ಬ್ಯಾಟರಿಗಳು ಹಿಡಿಸಬೇಕಿತ್ತು. ಅವು ಹಿಡಿಸುವಷ್ಟು ದೊಡ್ಡದಾಗಿ ಮಾಡಿ, ಆಮೇಲೆ ಅಳೆದು ನೋಡಿದಾಗ ಬಂದ ಸಂಖ್ಯೆ 35. ಇಂದು ಜಗತ್ತಿನ ಅರ್ಧದಷ್ಟು ಟ್ಯಾಂಕ್ ಮಾಡೆಲ್‌ಗಾರರು ಆ ಬ್ಯಾಟರಿಗಳ ಲೆಕ್ಕಕ್ಕೇ ತಲೆಬಾಗಿದ್ದಾರೆ ಎಂದರೆ ಅತಿಶಯೋಕ್ತಿಯಾದೀತು, ಆದರೆ ತುಂಬ ದೊಡ್ಡದಾದ ಅತಿಶಯೋಕ್ತಿಯಲ್ಲ.

ಇನ್ನು ಎತ್ತರದ ಲೆಕ್ಕ. 28 ಮಿಲಿಮೀಟರ್ ಎಂದರೆ ಕೆಲವರಿಗೆ ಅಂಗಾಲಿನಿಂದ ನೆತ್ತಿಯವರೆಗೆ, ಹಲವರಿಗೆ ಅಂಗಾಲಿನಿಂದ ಕಣ್ಣಿನವರೆಗೆ, ಏಕೆಂದರೆ ಟೋಪಿ ಹಾಕಿದ ಸೈನಿಕನ ನೆತ್ತಿ ಎಲ್ಲಿದೆಯೆಂದು ಯಾರೂ ಕಾಣರು. ಕಣ್ಣಿನವರೆಗಿನ ಲೆಕ್ಕ ಹಿಡಿದರೆ ಅದು ಸುಮಾರು 1:56 ಆಗುತ್ತದೆ. 15 ಮಿಲಿಮೀಟರ್ ಗೊಂಬೆ ಸುಮಾರು 1:100, 6 ಮಿಲಿಮೀಟರ್ ಗೊಂಬೆ 1:285ರಿಂದ 1:300. ಎರಡನೆಯ ಮಹಾಯುದ್ಧದ ಶರ್ಮನ್ ಟ್ಯಾಂಕಿನ ಒಡಲು 5.84 ಮೀಟರ್ ಉದ್ದವಿತ್ತು. ಅದು 1:72ರಲ್ಲಿ 8 ಸೆಂಟಿಮೀಟರ್, 1:56ರಲ್ಲಿ ಹತ್ತೂವರೆ, 1:35ರಲ್ಲಿ ಹದಿನಾರೂವರೆಗೂ ಮೇಲೆ. ನಿಮ್ಮ ಟ್ಯಾಂಕು 1:35, ಸೈನಿಕರು 28 ಮಿಲಿಮೀಟರ್ ಎಂದು ನಾನು ಊಹಿಸುತ್ತೇನೆ. ಹೊಂದುವುದಿಲ್ಲ, ಟ್ಯಾಂಕನ್ನು ಕಪಾಟಿನಲ್ಲಿ ಅಂದಕ್ಕೆ ಇಡಿ, ಆಟಕ್ಕೆ 1:56ರದ್ದನ್ನು ತನ್ನಿ. ಇದರ ಮೇಲೆ, ಹಲವು ತಯಾರಕರು ಮೂರಡಿ ದೂರದಿಂದ ನೋಡಿದರೂ ಮುಖಭಾವ ಕಾಣಲೆಂದು ತಲೆ, ಕೈ, ಬಂದೂಕುಗಳನ್ನು ಬೇಕೆಂದೇ ದಪ್ಪ ಮಾಡುತ್ತಾರೆ. ಯಕ್ಷಗಾನದ ವೇಷಕ್ಕೆ ಕಿರೀಟವೂ ಭುಜಕೀರ್ತಿಯೂ ಏಕೆ ಅಷ್ಟು ದೊಡ್ಡವೋ ಇದೂ ಅದಕ್ಕೇ. ಹೀಗೆ ಮಾಡಿದ ಗೊಂಬೆಗಳನ್ನು ಸಹಜ ಪ್ರಮಾಣದವುಗಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ, ಪೆಟ್ಟಿಗೆಯ ಮೇಲಿನ ಅಂಕಿ ಒಂದೇ ಆಗಿದ್ದರೂ, ಕಣ್ಣಿಗೆ ಒಗ್ಗುವುದಿಲ್ಲ.

ಅನುಪಾತ ಸರಿಯಾದರೂ ಮೇಜಿನ ಮೇಲೆ ಎಲ್ಲವೂ ನಿಜವಾಗಲಾರದು ಎಂಬುದನ್ನು ಮೊದಲೇ ಒಪ್ಪಿಕೊಂಡರೆ ನೆಮ್ಮದಿ. ಹಳೆಯ ಕಾಲದ ಮಸ್ಕೆಟ್ ಬಂದೂಕಿನ ಗುಂಡು ನೂರು ಮೀಟರ್ ದೂರದವರೆಗೆ ಪರಿಣಾಮಕಾರಿ ಎಂದಿಟ್ಟುಕೊಂಡರೂ 1:56ರಲ್ಲಿ ಅದು ಒಂದೂಮುಕ್ಕಾಲು ಮೀಟರಿಗಿಂತ ಹೆಚ್ಚು, ಅಂದರೆ ಊಟದ ಮೇಜಿನ ಈ ತುದಿಯಿಂದ ಆ ತುದಿ. ಆದ್ದರಿಂದ ನಿಯಮ ಬರೆಯುವವರು ಗೊಂಬೆಗೆ ಒಂದು ಅಳತೆ, ನೆಲಕ್ಕೆ ಇನ್ನೊಂದು ಅಳತೆ ಇಡುತ್ತಾರೆ, ದೊಡ್ಡ ಕಾಳಗಗಳಲ್ಲಿ ಒಂದು ಗೊಂಬೆಯನ್ನು ಇಪ್ಪತ್ತು ಜನರಿಗೆ ಸಮವೆಂದು ಎಣಿಸುವುದೂ ಉಂಟು.

ಪ್ರಶ್ನೆ: ಫೆವಿಕ್ವಿಕ್ ಹಾಕಿ ಅಂಟಿಸಿದ ಕೈ, ಕತ್ತಿಗಳು ಆಟದ ನಡುವೆ ಮುರಿದು ಬೀಳುತ್ತವೆ. ಏನು ತಪ್ಪು ಮಾಡುತ್ತಿದ್ದೇನೆ? (ತುಮಕೂರು)

ಉತ್ತರ: ಗೊಂಬೆ ಯಾವ ವಸ್ತುವಿನದೆಂದು ನೀವು ಬರೆದಿಲ್ಲ, ಅಂಟು ಅದನ್ನೇ ಅವಲಂಬಿಸಿದೆ. ಚೌಕಟ್ಟಿನಿಂದ ಕತ್ತರಿಸಿ ತೆಗೆಯುವ ಗಟ್ಟಿ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದಕ್ಕೆಂದೇ ಸಿಗುವ ಪ್ಲಾಸ್ಟಿಕ್ ಸಿಮೆಂಟ್ ಎರಡೂ ಮೈಗಳನ್ನು ಸ್ವಲ್ಪ ಕರಗಿಸಿ ಒಂದಾಗಿಸುತ್ತದೆ, ಒಣಗಿದ ಮೇಲೆ ಅಲ್ಲಿ ಕೀಲು ಎಂಬುದೇ ಉಳಿಯುವುದಿಲ್ಲ. ಲೋಹ ಮತ್ತು ರೆಸಿನ್ (ಅಚ್ಚಿನಲ್ಲಿ ಹೊಯ್ದು ಗಟ್ಟಿ ಮಾಡಿದ ಕೃತಕ ರಾಳ) ಹಾಗೆ ಕರಗುವುದಿಲ್ಲವಾದ್ದರಿಂದ ಅವಕ್ಕೆ ಫೆವಿಕ್ವಿಕ್ಕಿನಂಥ ಸೂಪರ್ ಗ್ಲೂ ಬೇಕು. ಆ ಅಂಟು ಎಳೆತವನ್ನು ತಡೆದುಕೊಳ್ಳುತ್ತದೆ, ಅಡ್ಡ ಹೊಡೆತಕ್ಕೆ ಗಾಜಿನಂತೆ ಒಡೆಯುತ್ತದೆ. ಭಾರದ ಲೋಹದ ಕೈಗಾದರೆ ಎರಡೂ ಕಡೆ ಒಂದು ಮಿಲಿಮೀಟರ್ ತೂತು ಕೊರೆದು, ಕಾಗದದ ಕ್ಲಿಪ್ಪಿನ ತಂತಿಯ ಚೂರನ್ನು ಮೊಳೆಯಂತೆ ಒಳಗಿಟ್ಟು ಅಂಟಿಸಿ. ಅಕ್ಕಸಾಲಿಗರು ಬಳಸುವ ಕೈಬೈರಿಗೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಸಂದು ಉಳಿದರೆ ಎಂ-ಸೀಲ್ ತುಂಬಬಹುದು, ಆದರೆ ಅದು ಒರಟು, ಮುಖದಂಥ ನಯದ ಜಾಗಕ್ಕೆ ಬೇಡ. ರೆಸಿನ್ ತುಂಡುಗಳ ಮೇಲೆ ಅಚ್ಚಿನಿಂದ ಬಿಡಿಸಲು ಸವರಿದ ಜಿಡ್ಡು ಉಳಿದಿರುತ್ತದೆ, ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯದಿದ್ದರೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಬೆಟ್ಟಗುಡ್ಡ ಮಾಡಲು ಥರ್ಮೋಕೋಲ್ ಬಳಸುವವರಿಗೂ ಒಂದು ಎಚ್ಚರಿಕೆ ಹೇಳಬೇಕು. ಅದೂ ಪಾಲಿಸ್ಟೈರೀನೇ, ಸೂಪರ್ ಗ್ಲೂ ಅಥವಾ ಸ್ಪ್ರೇ ಬಣ್ಣ ತಾಗಿದರೆ ನಿಮ್ಮ ಬೆಟ್ಟ ಕಣ್ಣೆದುರಿಗೇ ಕುಸಿದು ಹಳ್ಳವಾಗುತ್ತದೆ. ಅದಕ್ಕೆ ಫೆವಿಕಾಲ್ ಸಾಕು.

ಪ್ರಶ್ನೆ: ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಕೊಡುವ ತಳಕೋಟು) ಹೊಡೆದರೆ ಗೊಂಬೆಯ ಮೈಯೆಲ್ಲ ರವೆ ಉದುರಿಸಿದಂತಾಗುತ್ತದೆ. ಮೇಲಿನ ವಾರ್ನಿಷ್ ಬೂದಿಯಂತೆ ಬಿಳಿಚಿಕೊಳ್ಳುತ್ತದೆ. ನಾಲ್ಕು ತಿಂಗಳು ಹವ್ಯಾಸವನ್ನೇ ನಿಲ್ಲಿಸಬೇಕೇ? (ಮಂಗಳೂರು)

ಉತ್ತರ: ನಿಲ್ಲಿಸಬೇಕಿಲ್ಲ, ಡಬ್ಬವನ್ನು ಮಾತ್ರ ದೀಪಾವಳಿಯವರೆಗೆ ಒಳಗಿಡಿ. ಸ್ಪ್ರೇಯ ದ್ರಾವಕ ಆವಿಯಾಗುವಾಗ ಗೊಂಬೆಯ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ನೀರಿನಂಶ ತುಂಬಿದ್ದರೆ ಅದು ಒಣಗದ ಪದರದ ಮೇಲೆ ಇಬ್ಬನಿಯಾಗಿ ಕೂರುತ್ತದೆ. ನೀವು ಹೇಳುವ ಬಿಳಿ ಬೂದಿ ಅದೇ. ರವೆಯಂಥ ಒರಟಿಗೆ ಇನ್ನೊಂದು ಕಾರಣವೂ ಇರಬಹುದು: ಬಹಳ ದೂರದಿಂದ ಹೊಡೆದಾಗ ಬಣ್ಣದ ಹನಿ ಗಾಳಿಯಲ್ಲೇ ಅರೆ ಒಣಗಿ ಬಂದು ಅಂಟಿಕೊಳ್ಳುತ್ತದೆ. ಒಣ ದಿನಗಳಲ್ಲಿ ಇಪ್ಪತ್ತರಿಂದ ಮೂವತ್ತು ಸೆಂಟಿಮೀಟರ್ ದೂರದಿಂದ, ಡಬ್ಬವನ್ನು ಒಂದೆಡೆ ನಿಲ್ಲಿಸದೆ, ಗೊಂಬೆಯ ಆಚೆಯಿಂದ ಶುರುಮಾಡಿ ಈಚೆ ಮುಗಿಸುವಂತೆ ಬೀಸಿ ಹೊಡೆಯಬೇಕು. ಮಳೆಗಾಲಕ್ಕೆ ನೀರಿನಲ್ಲಿ ಕರಗುವ, ಬ್ರಷ್ಷಿನಿಂದ ಹಚ್ಚುವ ಪ್ರೈಮರ್ ಸಿಗುತ್ತದೆ. ತೆಳ್ಳಗೆ ಎರಡು ಕೋಟು ಹಚ್ಚಿ, ಒಂದು ರಾತ್ರಿ ಬಿಟ್ಟರೆ ಸ್ಪ್ರೇಗೆ ಏನೂ ಕಡಿಮೆಯಿಲ್ಲ. ವಾರ್ನಿಷ್ಷನ್ನೂ ಬ್ರಷ್ಷಿನಿಂದಲೇ ಹಚ್ಚಿ. ಈಗಾಗಲೇ ಬಿಳಿಚಿಕೊಂಡ ಗೊಂಬೆಯ ಮೇಲೆ ಹೊಳಪಿನ ವಾರ್ನಿಷ್ ಒಂದು ಕೋಟು ಹಚ್ಚಿ ನೋಡಿ, ಎಷ್ಟೋ ಸಲ ಮಂಜು ಕರಗಿ ಅಡಿಯ ಬಣ್ಣ ಮರಳಿ ಕಾಣುತ್ತದೆ. ಅದು ಒಣಗಿದ ಮೇಲೆ ಒಳ್ಳೆಯ ದಿನ ನೋಡಿ ಮತ್ತೆ ಹೊಳಪಿಲ್ಲದ ಮ್ಯಾಟ್ ಕೋಟು ಕೊಡಬಹುದು.

ಬಣ್ಣದ ಬಗ್ಗೆಯೂ ಎರಡು ಮಾತು, ಏಕೆಂದರೆ ಹೊಸಬರ ಗೊಂಬೆ ಕೆಡುವುದು ಮುಕ್ಕಾಲು ಪಾಲು ಇಲ್ಲಿಯೇ. ಬಾಟಲಿಯಿಂದ ನೇರವಾಗಿ ಹಚ್ಚಿದ ಅಕ್ರಿಲಿಕ್ ಬಣ್ಣ ದಪ್ಪವಾಗಿ ಕೂತು ಬಟ್ಟೆಯ ನೆರಿಗೆ, ಮೂಗು, ಬಾಯಿಗಳನ್ನೆಲ್ಲ ಮುಚ್ಚಿಬಿಡುತ್ತದೆ. ನೀರು ಬೆರೆಸಿ, ಕೆನೆ ತೆಗೆದ ಹಾಲಿನಷ್ಟು ತೆಳ್ಳಗೆ ಮಾಡಿ, ಒಂದು ಕೋಟಿನ ಜಾಗದಲ್ಲಿ ಎರಡು ಹಚ್ಚಿ. ಆಮೇಲೆ ಕಂದು ಬಣ್ಣದ ವಾಷ್ ಅನ್ನು, ಅಂದರೆ ನೀರಿನಂತೆ ತೆಳುವಾದ ಬಣ್ಣವನ್ನು, ಮೈತುಂಬ ಹರಿಸಿದರೆ ಅದು ತಾನಾಗಿಯೇ ತಗ್ಗುಗಳಿಗೆ ಇಳಿದು ನೆರಳಾಗುತ್ತದೆ. ಒಣಗಿದ ಬಳಿಕ, ಬಟ್ಟೆಗೆ ಒರೆಸಿ ಬಣ್ಣ ಬಹುತೇಕ ಖಾಲಿಯಾದ ಹಳೆಯ ಬ್ರಷ್ಷನ್ನು ಉಬ್ಬುಗಳ ಮೇಲೆ ಲಘುವಾಗಿ ಆಡಿಸಿದರೆ ಬೆಳಕು ಮೂಡುತ್ತದೆ. ಈ ಮೂರು ಹೆಜ್ಜೆಗಳಲ್ಲಿ ಮೇಜಿಗೆ ತಕ್ಕ ಗೊಂಬೆ ಸಿದ್ಧವಾಗುತ್ತದೆ. ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬಟರ್ ಪೇಪರ್ ಹಾಸಿ ಬಣ್ಣ ಒಣಗದಂತೆ ಇಟ್ಟುಕೊಳ್ಳುವ ಉಪಾಯ ಬೇಸಿಗೆಗೆ ಬಹಳ ಒಳ್ಳೆಯದು. ಕರಾವಳಿಯ ಮಳೆಗಾಲದಲ್ಲಿ ಮಾತ್ರ ಆ ಸ್ಪಂಜನ್ನು ವಾರಕ್ಕೊಮ್ಮೆ ಕುದಿವ ನೀರಿನಲ್ಲಿ ತೊಳೆಯಿರಿ, ಇಲ್ಲವಾದರೆ ಮುಚ್ಚಳ ತೆಗೆದಾಗ ಬರುವ ವಾಸನೆಗೆ ಮನೆಯವರೇ ಹವ್ಯಾಸ ನಿಲ್ಲಿಸಿಯಾರು.

ಪ್ರಶ್ನೆ: ಇಲ್ಲಿನ ಹಳೆಯ ಸಾಮಾನಿನ ಸಂತೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ತುಂಬ ಲೋಹದ ಸೈನಿಕರು ಸಿಕ್ಕಿದ್ದಾರೆ. ಕೆಲವರ ಕಾಲಿನ ಬಳಿ ಬಿಳಿ ಪುಡಿ ಕಟ್ಟಿದೆ. ಮನೆಯಲ್ಲಿ ಮೂರು ವರ್ಷದ ಮಗುವಿದೆ. ಇಟ್ಟುಕೊಳ್ಳಬಹುದೇ? (ಲೆಸ್ಟರ್, ಇಂಗ್ಲೆಂಡ್)

ಉತ್ತರ: ಮೊದಲು ಪೆಟ್ಟಿಗೆಯನ್ನು ಮಗುವಿಗೆ ಎಟುಕದ ಜಾಗದಲ್ಲಿಡಿ, ಉಳಿದದ್ದನ್ನು ಆಮೇಲೆ ಓದಿ. ಬ್ರಿಟನ್ನಿನಲ್ಲಿ ಟೊಳ್ಳು ಸೀಸದ ಸೈನಿಕರ ತಯಾರಿಕೆ 1966ರ ಹೊತ್ತಿಗೆ ನಿಂತಿತು. ಅದಕ್ಕೂ ಹಿಂದಿನವು ಸೀಸದವೇ ಎಂದು ತಿಳಿದು ನಡೆಯುವುದು ಕ್ಷೇಮ. ಆಮೇಲಿನ ದಶಕಗಳ ವಾರ್‌ಗೇಮಿಂಗ್ ಗೊಂಬೆಗಳಲ್ಲಿಯೂ ಸೀಸ ಬೆರೆತಿರುವುದು ಸಾಮಾನ್ಯವಾಗಿತ್ತು. ಬಣ್ಣವಿಲ್ಲದ ಅಡಿಭಾಗವನ್ನು ಬಿಳಿ ಕಾಗದದ ಮೇಲೆ ಎಳೆದು ನೋಡಿ. ಪೆನ್ಸಿಲಿನಂತೆ ಬೂದು ಗೆರೆ ಬಿದ್ದರೆ ಸೀಸ ಹೆಚ್ಚಿದೆ ಎಂದರ್ಥ. ತವರ ಹೆಚ್ಚಿರುವ ಇಂದಿನ ಲೋಹ ಇನ್ನೂ ಬೆಳ್ಳಗೆ, ಹಗುರ, ಗಡಸು.

ಆ ಬಿಳಿ ಪುಡಿ ಸೀಸದ ಕಾರ್ಬೊನೇಟ್. ರಟ್ಟು, ಓಕ್‌ನಂಥ ಕೆಲವು ಮರಗಳು ಮುಚ್ಚಿದ ಜಾಗದಲ್ಲಿ ವಿನೆಗರ್ ಜಾತಿಯ ಆಮ್ಲದ ಆವಿಯನ್ನು ಬಿಡುತ್ತವೆ, ಆ ಆವಿ ಸೀಸವನ್ನು ತಿನ್ನತೊಡಗಿದರೆ ಗೊಂಬೆ ವರ್ಷಗಳ ಕಾಲ ಒಳಗೊಳಗೇ ಪುಡಿಯಾಗುತ್ತ ಹೋಗುತ್ತದೆ. ಸಂಗ್ರಾಹಕರು ಅಂದದ ಮರದ ಗಾಜುಬೀರು ಮಾಡಿಸಿ ಅದರಲ್ಲೇ ತಮ್ಮ ಅಮೂಲ್ಯ ಪಲ್ಟಣವನ್ನು ಕಳೆದುಕೊಂಡ ಪ್ರಸಂಗಗಳು ಎಷ್ಟೋ ಇವೆ. ಪುಡಿಯನ್ನು ಊದಬೇಡಿ, ಒಣಗಿದಂತೆಯೇ ಉಜ್ಜಬೇಡಿ, ಅದು ಉಸಿರಿಗೆ ಹೋದರೆ ಗಟ್ಟಿ ಸೀಸಕ್ಕಿಂತ ಹೆಚ್ಚು ಅಪಾಯ. ಕೈಗವಸು ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆಯಾಗಿಡಿ. ತೀರ ಹಾಳಾದವನ್ನು ಸ್ಥಳೀಯ ಆಡಳಿತದ ಅಪಾಯಕಾರಿ ತ್ಯಾಜ್ಯದ ಕೇಂದ್ರಕ್ಕೆ ಕೊಡುವುದೇ ಸರಿ. ಉಳಿದವನ್ನು ಲೋಹದ ಅಥವಾ ಗಾಜಿನ ಕಪಾಟಿನಲ್ಲಿ, ಗಾಳಿಯಾಡುವಂತೆ ನಿಲ್ಲಿಸಬಹುದು. ಕೈ ತೊಳೆಯದೆ ಏನನ್ನೂ ತಿನ್ನಬೇಡಿ. ಬ್ರಷ್ಷಿನ ಮೊನೆ ಚೂಪಾಗಲೆಂದು ಬಾಯಿಗಿಡುವ ಅಭ್ಯಾಸ ಎಷ್ಟೋ ಪಳಗಿದ ಕೈಗಳಿಗೂ ಇದೆ, ನನಗೂ ಇತ್ತು. ಯಾವ ಗೊಂಬೆಯ ಮುಂದೆಯೂ ಅದು ಬೇಡ. ಮಗು ಐದಾರು ವರ್ಷ ದಾಟುವವರೆಗೆ ಈ ಪೆಟ್ಟಿಗೆಯನ್ನು ಬೇರೆಯವರಿಗೆ ಒಪ್ಪಿಸಿ, ಪ್ಲಾಸ್ಟಿಕ್ ಗೊಂಬೆಗಳಲ್ಲಿ ಕೈ ಪಳಗಿಸಿಕೊಳ್ಳಿ ಎಂಬುದು ನನ್ನ ಸಲಹೆ.

ಪ್ರಶ್ನೆ: ಮೂರು ವರ್ಷಗಳಲ್ಲಿ ಹನ್ನೊಂದು ಪೆಟ್ಟಿಗೆ ಕೊಂಡಿದ್ದೇನೆ, ಬಣ್ಣ ಹಚ್ಚಿ ಮುಗಿಸಿದ್ದು ಏಳು ಗೊಂಬೆ. ಹೊಸದೊಂದು ರಿಯಾಯಿತಿಗೆ ಬಂದಿದೆ. ಕೊಳ್ಳಲೇ? (ಬೆಂಗಳೂರು)

ಉತ್ತರ: ಬೇಡ. ಇಂಗ್ಲಿಷ್ ಮಾತಾಡುವ ಹವ್ಯಾಸಿಗಳು ಇಂಥ ರಾಶಿಗೆ ನಾಚಿಕೆಯ ಗುಡ್ಡೆ ಎಂದೇ ಹೆಸರಿಟ್ಟಿದ್ದಾರೆ, ಆದ್ದರಿಂದ ನೀವು ಒಂಟಿಯಲ್ಲ. ಕೊಳ್ಳುವಾಗ ನಾವು ಕೊಳ್ಳುವುದು ಪ್ಲಾಸ್ಟಿಕ್ಕನ್ನಲ್ಲ, ಅದಕ್ಕೆ ಬಣ್ಣ ಹಚ್ಚಲು ಮುಂದೆಂದೋ ಸಿಗಲಿರುವ ಬಿಡುವನ್ನು. ಆ ಬಿಡುವು ಪೆಟ್ಟಿಗೆಯೊಳಗೆ ಬರುವುದಿಲ್ಲ. ನಾನು ಈ ಹವ್ಯಾಸಕ್ಕೆ ಇಳಿದ ಹೊಸದರಲ್ಲಿ ನೆಪೋಲಿಯನ್ ಕಾಲದ ಫ್ರೆಂಚ್ ಸೇನೆಯ ಇನ್ನೂರು ಗೊಂಬೆಗಳನ್ನು ಒಟ್ಟಿಗೆ ತರಿಸಿ, ಎಲ್ಲಕ್ಕೂ ನೀಲಿ ಕೋಟು ಹಚ್ಚಿ ಮುಗಿಸುವಷ್ಟರಲ್ಲಿ ನೀಲಿ ಬಣ್ಣವನ್ನು ಕಂಡರೇ ಬೇಸರವಾಗುವಂತಾಗಿ, ಅವರನ್ನು ಬಿಳಿ ಮುಖಗಳಲ್ಲೇ ನಾಲ್ಕು ವರ್ಷ ಅಟ್ಟದ ಮೇಲೆ ಬಿಟ್ಟಿದ್ದೆ. ಈಗ ಆರರ ಗುಂಪನ್ನು ಎತ್ತಿಕೊಳ್ಳುತ್ತೇನೆ, ಅದು ಪೂರ್ತಿ ಮುಗಿದು, ತಳಕ್ಕೆ ಮರಳು ಅಂಟಿ, ವಾರ್ನಿಷ್ ಒಣಗುವವರೆಗೆ ಏಳನೆಯದನ್ನು ಚೌಕಟ್ಟಿನಿಂದ ಬಿಡಿಸುವುದಿಲ್ಲ. ಮೊದಲು ಎದುರಾಳಿಯನ್ನು ಹುಡುಕಿ, ಯಾವ ಕಾಲದ, ಯಾವ ಅಳತೆಯ ಆಟವೆಂದು ಇಬ್ಬರೂ ಕೂತು ನಿರ್ಧರಿಸಿ, ಆ ಆಟಕ್ಕೆ ಬೇಕಾದ ಕನಿಷ್ಠ ಗೊಂಬೆಗಳಿಗೆ ಒಂದು ತಾರೀಕು ಗೊತ್ತು ಮಾಡಿ. ಶನಿವಾರ ಗೆಳೆಯ ಮನೆಗೆ ಬರುತ್ತಾನೆಂಬ ಹೆದರಿಕೆಯಷ್ಟು ಬೇಗ ಬ್ರಷ್ಷನ್ನು ಓಡಿಸುವುದು ಬೇರಾವುದೂ ಇಲ್ಲ.

ಪ್ರಶ್ನೆ: ಮನೆಯಲ್ಲೇ ತ್ರೀಡಿ ಪ್ರಿಂಟರ್ ಇಟ್ಟುಕೊಂಡು ಗೊಂಬೆಗಳನ್ನು ಮಾಡಿಕೊಂಡರೆ ಖರ್ಚು ಉಳಿಯುತ್ತದೆಯೇ? (ಹುಬ್ಬಳ್ಳಿ)

ಉತ್ತರ: ಗೊಂಬೆಯೊಂದರ ಖರ್ಚು ಉಳಿಯುತ್ತದೆ, ಜಾಗ ಮತ್ತು ಗಮನದ ಖರ್ಚು ಏರುತ್ತದೆ. ಮುಖದ ಗೆರೆ ಕಾಣುವಷ್ಟು ನಯ ಬೇಕಾದರೆ ಪ್ಲಾಸ್ಟಿಕ್ ತಂತಿಯ ಯಂತ್ರ ಸಾಲದು, ನೇರಳಾತೀತಕ್ಕೆ ಹತ್ತಿರದ ಬೆಳಕಿನಿಂದ ದ್ರವ ರೆಸಿನನ್ನು ಪದರ ಪದರವಾಗಿ ಗಟ್ಟಿ ಮಾಡುವ ಯಂತ್ರ ಬೇಕು. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗುತ್ತ ಹೋದರೆ ಅಲರ್ಜಿ ಹುಟ್ಟುತ್ತದೆ, ಒಮ್ಮೆ ಹುಟ್ಟಿದರೆ ಸಾಮಾನ್ಯವಾಗಿ ಬಿಡುವುದಿಲ್ಲ. ನೈಟ್ರೈಲ್ ಕೈಗವಸು, ಕಿಟಕಿಯಿರುವ ಬೇರೆ ಕೋಣೆ, ತೊಳೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಇವು ಬೇಕೇ ಬೇಕು. ತೊಳೆದ ದ್ರವವನ್ನು ಮೋರಿಗೆ ಚೆಲ್ಲಬಾರದು, ಬಿಸಿಲಿಗಿಟ್ಟು ರೆಸಿನನ್ನು ಗಟ್ಟಿ ಮಾಡಿ ಸೋಸಬೇಕು. ಮಲಗುವ ಕೋಣೆಯಲ್ಲೋ ಅಡುಗೆಮನೆಯಲ್ಲೋ ಇಡುವ ಯೋಚನೆಯಿದ್ದರೆ ಯಂತ್ರ ಕೊಳ್ಳಬೇಡಿ.

ಪ್ರಶ್ನೆ: ನಮ್ಮ ಊರಿನಲ್ಲಿ ಈ ಆಟ ಗೊತ್ತಿರುವವರು ಯಾರೂ ಇಲ್ಲ. ಬಣ್ಣ ಹಚ್ಚಿ ಸಾಲಾಗಿ ಇಟ್ಟರೆ ಸಾಕೇ? (ಉಡುಪಿ)

ಉತ್ತರ: ಖಂಡಿತ ಸಾಕು. ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳನ್ನು ಮೆಟ್ಟಿಲ ಮೇಲೆ ಕೂರಿಸಿ, ಹಬ್ಬ ಮುಗಿದ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುವ ಮನೆಗಳಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಆದರೂ ಒಮ್ಮೆ ಆಡಿ ನೋಡಿ ಎನ್ನುತ್ತೇನೆ. ಎರಡೂ ಕಡೆ ಹತ್ತು ಹತ್ತು ಗೊಂಬೆ, ಒಂದು ಅಳತೆ ಪಟ್ಟಿ, ಎರಡು ದಾಳ ಇದ್ದರೆ ಅಕ್ಕಪಕ್ಕದ ಮನೆಯ ಹುಡುಗರು ಒಂದೇ ಸಂಜೆಯಲ್ಲಿ ಕಲಿಯುತ್ತಾರೆ: ನಡೆಯುವುದು ಆರು ಇಂಚು, ಗುಂಡು ಹಾರಿಸುವುದು ಹನ್ನೆರಡು ಇಂಚು, ದಾಳದಲ್ಲಿ ಐದು ಆರು ಬಿದ್ದರೆ ತಗುಲಿತು, ಬೇಲಿಯ ಹಿಂದಿದ್ದರೆ ಆರೇ ಬೀಳಬೇಕು. ಇದಕ್ಕೆ ನಿಯಮಪುಸ್ತಕ ಬೇಕಿಲ್ಲ. ಎರಡೂ ಸೇನೆಗಳು ನಿಮ್ಮವೇ ಆಗಿರಲಿ, ಎದುರಾಳಿಯಾಗಿ ಬರುವವರು ಆಟಕ್ಕೆ ಬರಲಿ ಸಾಕು, ಗೊಂಬೆ ಕೊಂಡು ಬರಲಿ ಎಂದು ಕಾಯಬೇಡಿ.

ಪ್ರಶ್ನೆ: 1799ರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು 28 ಮಿಲಿಮೀಟರ್ ಗೊಂಬೆಗಳಲ್ಲಿ ಕಟ್ಟಬೇಕೆಂದಿದ್ದೇನೆ. ಎಲ್ಲಿಂದ ಶುರುಮಾಡಲಿ? (ಮೈಸೂರು)

ಉತ್ತರ: ಕೋಟೆಯಿಂದ ಶುರುಮಾಡಬೇಡಿ. ಮೇ 4ರ ಮಧ್ಯಾಹ್ನ ಬೇಸಿಗೆಯಲ್ಲಿ ಇಳಿದಿದ್ದ ಕಾವೇರಿಯನ್ನು ದಾಟಿ, ಕೋಟೆಗೋಡೆಯ ವಾಯವ್ಯ ಮೂಲೆಯ ಬಿರುಕಿನತ್ತ ಬ್ರಿಟಿಷ್ ಸೇನಾನಿ ಬೇರ್ಡ್ ನಡೆಸಿದ ದಾಳಿಯಲ್ಲಿದ್ದವರೇ ನಾಲ್ಕು ಸಾವಿರಕ್ಕೂ ಹೆಚ್ಚು. ಒಂದು ಗೊಂಬೆ ಇಪ್ಪತ್ತು ಜನರಿಗೆ ಸಮವೆಂದರೂ ಇನ್ನೂರು ಗೊಂಬೆ ದಾಳಿಯ ಕಡೆಗೇ ಬೇಕು, ಕೋಟೆಯ ಗೋಡೆ ಬೇರೆ. ಅಷ್ಟು ಕಟ್ಟಿದ ಮೇಲೂ ಅದು ಆಟವಾಗಿ ಸೊರಗುತ್ತದೆ, ಏಕೆಂದರೆ ಬಿರುಕಿನ ಬಳಿ ಆಡುವವನಿಗೆ ಮುಂದೆ ನುಗ್ಗುವುದನ್ನು ಬಿಟ್ಟು ಬೇರೆ ತೀರ್ಮಾನವೇ ಇಲ್ಲ. ಅದನ್ನು ಪ್ರದರ್ಶನದ ಡಯೊರಾಮಾ (ನೋಡಲಷ್ಟೇ ಕಟ್ಟಿದ ದೃಶ್ಯಮಾದರಿ) ಆಗಿ ಎಂದಾದರೂ ಮಾಡಿ.

ಅದಕ್ಕೆ ಒಂದು ತಿಂಗಳು ಹಿಂದೆ, ಏಪ್ರಿಲ್ 5ರ ರಾತ್ರಿ, ಸುಲ್ತಾನ್‌ಪೇಟೆ ತೋಪಿನಲ್ಲಿ ನಡೆದ ಕಾಳಗ ನಿಮಗಾಗಿಯೇ ಇದ್ದಂತಿದೆ. ಮುಂದೆ ವಾಟರ್ಲೂನಲ್ಲಿ ಹೆಸರು ಮಾಡಿದ ಆರ್ಥರ್ ವೆಲ್ಲೆಸ್ಲಿ ಅಂದು ತನ್ನ 33ನೆಯ ರೆಜಿಮೆಂಟನ್ನು ಕತ್ತಲಲ್ಲಿ ಆ ತೋಪಿಗೆ ನುಗ್ಗಿಸಿ, ಮರಗಳೂ ನೀರಿನ ಕಾಲುವೆಗಳೂ ಹೆಣೆದುಕೊಂಡಿದ್ದ ಜಾಗದಲ್ಲಿ ದಾರಿ ತಪ್ಪಿ, ಮೈಸೂರಿನ ಸೈನಿಕರ ಗುಂಡು ಮತ್ತು ರಾಕೆಟ್ಟುಗಳ ನಡುವೆ ಚದುರಿಹೋದ. ಅವನ ಮಂಡಿಗೂ ಸಣ್ಣ ಪೆಟ್ಟು ಬಿತ್ತು, ಅವನ ಕೆಲವು ಜನ ಸೆರೆ ಸಿಕ್ಕರು. ಮರುದಿನ ಹಗಲಿನಲ್ಲಿ ತೋಪು ಬ್ರಿಟಿಷರ ಕೈಸೇರಿತಾದರೂ, ಹಗಲು ನೋಡಿಕೊಳ್ಳದ ಜಾಗಕ್ಕೆ ರಾತ್ರಿ ಎಂದೂ ದಾಳಿ ಮಾಡಬಾರದೆಂದು ಅವನು ಆಮೇಲೆ ಬರೆದುಕೊಂಡ. ಒಂದೊಂದು ಪಕ್ಷಕ್ಕೆ ಇಪ್ಪತ್ತು ಗೊಂಬೆ ಸಾಕು. ಕತ್ತಲೆಗಾಗಿ ಒಂದು ನಿಯಮ ಹೂಡಿ: ನಾಲ್ಕು ಇಂಚಿನಾಚೆ ಏನೂ ಕಾಣದು, ಪ್ರತಿ ಗುಂಪು ನಡೆಯುವ ಮೊದಲು ದಾಳ ಹಾಕಬೇಕು, ಒಂದು ಬಿದ್ದರೆ ಎದುರಾಳಿ ತೋರಿದ ದಿಕ್ಕಿಗೆ ಹೋಗಬೇಕು. ತೆರೆದ ಬಯಲಿನ ಕಾಳಗವೇ ಬೇಕೆಂದರೆ ಅದೇ ವರ್ಷದ ಮಾರ್ಚ್ 27ರ ಮಳವಳ್ಳಿ ಇದೆ, ಆದರೆ ಅದು ಎರಡನೆಯ ವರ್ಷಕ್ಕಿರಲಿ.

ವೇಷಭೂಷಣಕ್ಕೆ ಬಂದರೆ, ಬ್ರಿಟಿಷ್ ಕಡೆಯ ದೊಡ್ಡ ಪಾಲು ಭಾರತೀಯ ಸಿಪಾಯಿಗಳೇ ಎಂಬುದನ್ನು ಮರೆಯಬೇಡಿ: ಕೆಂಪು ಕೋಟು, ಕೆಳಗೆ ಗಿಡ್ಡ ಚಡ್ಡಿ, ತಲೆಗೆ ರುಮಾಲು. ಅಂಥ ಗೊಂಬೆ ಸಿದ್ಧವಾಗಿ ಸಿಗದಿದ್ದರೆ ಬೇರೊಂದು ಪೆಟ್ಟಿಗೆಯ ಕಾಲನ್ನು ಮೊಣಕಾಲಿನ ಮೇಲೆ ಕೆತ್ತಿ ಬರಿಗಾಲು ಮಾಡಬಹುದು. ಟಿಪ್ಪುವಿನ ಪದಾತಿಗಳ ಅಂಗಿಯ ಹುಲಿಪಟ್ಟೆಯನ್ನು ಎಲ್ಲ ಗೊಂಬೆಗಳ ಮೇಲೂ ಬರೆಯಹೊರಟರೆ ಕೈ ಸೋಲುತ್ತದೆ. ಮುಂದಿನ ಸಾಲಿಗೆ ಚೆನ್ನಾಗಿ ಬರೆದು, ಹಿಂದಿನ ಸಾಲಿಗೆ ಅಲ್ಲೊಂದು ಇಲ್ಲೊಂದು ಚುಕ್ಕೆ ಇಟ್ಟರೆ ಮೂರಡಿ ದೂರದ ಕಣ್ಣಿಗೆ ಎರಡೂ ಒಂದೇ. ರಾಕೆಟ್ಟುಗಳಿಗೆ ಮಾತ್ರ ನಮ್ಮಲ್ಲಿ ನಿಜವಾದ ಮಾದರಿಯೇ ಇದೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರಲ್ಲಿ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು. ಒಂದಡಿಯಷ್ಟು ಉದ್ದದ ಕೊಳವೆ ನಿಮ್ಮ ಅಳತೆಯಲ್ಲಿ ಸುಮಾರು 5 ಮಿಲಿಮೀಟರ್ ಆಗುತ್ತದೆ. ಖಾಲಿಯಾದ ಬಾಲ್‌ಪೆನ್ನಿನ ರೀಫಿಲ್ಲನ್ನು ತೊಳೆದು ಆ ಉದ್ದಕ್ಕೆ ಕತ್ತರಿಸಿ, ತೆಂಗಿನ ಪೊರಕೆಯ ಕಡ್ಡಿಯ ತೆಳ್ಳನೆಯ ತುದಿಗೆ ಅಂಟಿಸಿ, ಹೊಲಿಗೆ ದಾರವನ್ನು ಎರಡು ಸುತ್ತು ಸುತ್ತಿದರೆ ಬಿದಿರಿಗೆ ಕಟ್ಟಿದ ರಾಕೆಟ್ಟೇ.

ಪ್ರಶ್ನೆ: ಗೊಂಬೆಯ ತಳಕ್ಕೆ ನಮ್ಮ ಹೊಲದ ಮಣ್ಣನ್ನೇ ಅಂಟಿಸಬಹುದೇ? (ಕೋಲಾರ)

ಉತ್ತರ: ಅಂಟಿಸಬಹುದು, ಆದರೆ ಮೊದಲು ಜರಡಿ ಹಿಡಿದು, ಹಳೆಯ ಬಾಣಲೆಯಲ್ಲಿ ಹುರಿದು ತೇವವನ್ನೂ ಹುಳದ ಮೊಟ್ಟೆಗಳನ್ನೂ ಕಳೆಯಿರಿ. ನುಣ್ಣನೆಯ ಮಣ್ಣು ಅಂಟಿನಲ್ಲಿ ಕೆಸರಾಗುತ್ತದೆ, ಆದ್ದರಿಂದ ಕಣ ಕಾಣುವ ಹೊಳೆಯ ಮರಳನ್ನು ಅಂಟಿಸಿ, ಬಣ್ಣವನ್ನು ಮಾತ್ರ ನಿಮ್ಮ ಹೊಲದ ಕೆಂಪಿಗೆ ಹೊಂದಿಸುವುದು ಮೇಲು. ಸಮುದ್ರದ ಮರಳಾದರೆ ಮೂರು ನೀರಿನಲ್ಲಿ ತೊಳೆದು ಉಪ್ಪು ಬಿಡಿಸಿ. ಕಾಳಗ ಎಲ್ಲಿಯದೆಂಬುದನ್ನೂ ಸ್ವಲ್ಪ ನೋಡಿಕೊಳ್ಳಿ, ಏಕೆಂದರೆ ಕೋಲಾರದ ಕೆಮ್ಮಣ್ಣಿನ ಮೇಲೆ ನಿಂತ ವಾಟರ್ಲೂ ಸೈನಿಕರ ಚಿತ್ರವೊಂದನ್ನು ಓದುಗರೊಬ್ಬರು ಈಗಾಗಲೇ ಕಳಿಸಿದ್ದಾರೆ.